ಹೊಳೆಯ ನೆಲ ನುಂಗಿದವರು ಮತ್ತು ತಕ್ದೀರಿನ ನೆಪ

 

ಮಲಪ್ರಭೆ ಉಕ್ಕಿ ಊರು ಹೊಕ್ಕಾಗಲೆಲ್ಲ ನಮ್ಮ ಭಾಗದ ಜಮಾಅತ್‌ಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಇದು ತಕ್ದೀರ್, ಅಲ್ಲಾಹನ ಮರ್ಜಿ, ಮನುಷ್ಯನ ಕೈಯಲ್ಲಿ ಏನಿದೆ ಎಂಬುದು ಒಂದು. ಇದು ಅಝಾಬ್, ನಮಾಝ್ ಬಿಟ್ಟವರಿಗೂ ದೀನ್ ಮರೆತವರಿಗೂ ಬಿದ್ದ ಪೆಟ್ಟು ಎಂಬುದು ಇನ್ನೊಂದು. ಮೊದಲನೆಯ ಮಾತನ್ನು ಮನೆ ಕಳೆದುಕೊಂಡವರು ನಿಟ್ಟುಸಿರಿನೊಡನೆ ಹೇಳುತ್ತಾರೆ. ಎರಡನೆಯದನ್ನು ಯಾರ ಮನೆಗೆ ನೀರು ಬಂದಿಲ್ಲವೋ ಅವರು ಹೇಳುತ್ತಾರೆ.

ಈ ಎರಡೂ ಮಾತುಗಳನ್ನು ನಾವು ಒಪ್ಪುವುದಿಲ್ಲ. ತಕ್ದೀರಿನ ಮೇಲಿನ ವಿಶ್ವಾಸ ಈಮಾನಿನ ಅಂಗ. ಅದರಲ್ಲಿ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ತಕ್ದೀರನ್ನು ಅಪರಾಧಿಗಳ ಅಡಗುತಾಣವಾಗಿ ಬಳಸುವುದಕ್ಕೆ ದೀನ್ ಅನುಮತಿ ಕೊಟ್ಟಿಲ್ಲ. ಮನುಷ್ಯರ ಕೈಯಿಂದ ಆದ ಅನಾಹುತಕ್ಕೆ ತಪ್ಪು ಹೆಸರಿಡುವ ಸಮುದಾಯವು ಆ ಅನಾಹುತದಿಂದ ಎಂದೂ ಚೇತರಿಸಿಕೊಳ್ಳದು. ನೀರು ಇಳಿದು ಹೋದ ಮೇಲೂ ಅದು ಮುಳುಗುತ್ತಲೇ ಇರುತ್ತದೆ. ನಾವು ಇಲ್ಲಿ ಹೇಳಬೇಕಾಗಿರುವುದು ಇಷ್ಟೇ. ಆದರೆ ಇದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

ಹೊಳೆ ಊರಿಗೆ ಬಂದದ್ದು ಹೇಗೆ?

ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಗಳನ್ನು ಹಾಯ್ದು, ಬಾದಾಮಿಯ ಕಡೆಗೆ ಸಾಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮುರಗೋಡದಲ್ಲಿರುವ ನಮಗೆ ಈ ಹೊಳೆ ಪರಕೀಯವಲ್ಲ. ನಮ್ಮ ಹೆಣ್ಣುಮಕ್ಕಳನ್ನು ಹೊಳೆಸಾಲಿನ ಊರುಗಳಿಗೆ ಕೊಟ್ಟಿದ್ದೇವೆ, ಅಲ್ಲಿಂದ ಸೊಸೆಯರನ್ನು ತಂದಿದ್ದೇವೆ. ಮುನವಳ್ಳಿ, ರಾಮದುರ್ಗಗಳೊಡನೆ ನಮ್ಮ ಬೀಗತನವೂ ವ್ಯಾಪಾರವೂ ಹಳೆಯವು. ಅಲ್ಲಿ ಗೋಡೆ ಬಿದ್ದರೆ ಇಲ್ಲಿ ಅನ್ನ ಗಂಟಲಿಗೆ ಇಳಿಯುವುದಿಲ್ಲ.

1970ರ ದಶಕದಲ್ಲಿ ಸವದತ್ತಿ ತಾಲೂಕಿನ ನವಿಲುತೀರ್ಥದ ಆಣೆಕಟ್ಟು ಈ ಹೊಳೆಯ ನೀರನ್ನು ತಡೆದು ನಿಲ್ಲಿಸಿತು. ಅದರ ಜಲಾಶಯವೇ 37.73 ಟಿಎಂಸಿ ನೀರು ಹಿಡಿಯಬಲ್ಲ ರೇಣುಕಾಸಾಗರ. ನಾಲ್ಕು ಜಿಲ್ಲೆಗಳ ಹೊಲಗಳಿಗೂ ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರಿಗೂ ಅದು ಆಧಾರ. ಆ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಮಳೆ ಕಡಿಮೆಯಾದ ವರ್ಷಗಳಲ್ಲಿ ಜಲಾಶಯ ತುಂಬುವುದಿಲ್ಲ, ಕೆಳಗಿನ ಹೊಳೆಗೆ ನೀರು ಬರುವುದೂ ಇಲ್ಲ. ಹೊಳೆ ನಾಲ್ಕಾರು ವರ್ಷ ಬತ್ತಿ ಕಂಡಿತೆಂದರೆ ದಂಡೆಯ ಹೊಲದವನ ಕಣ್ಣು ಅದರ ಪಾತ್ರದ ಮೇಲೆ ಬೀಳುತ್ತದೆ. ಮೊದಲ ವರ್ಷ ನಾಲ್ಕು ಸಾಲು ಜೋಳ, ಮರುವರ್ಷ ಒಂದು ಒಡ್ಡು, ಅದರ ಮರುವರ್ಷ ಪಂಪ್‌ಸೆಟ್, ಆಮೇಲೆ ಕಬ್ಬು. ಉಳಿದ ಜಾಗದಲ್ಲಿ ಹೂಳು ತುಂಬಿ ಜಾಲಿಕಂಟಿ ಬೆಳೆಯುತ್ತದೆ. ಹೀಗೆ ಅಜ್ಜನ ಕಾಲದಲ್ಲಿ ಹೊಳೆಯಾಗಿದ್ದುದು ಮೊಮ್ಮಗನ ಕಾಲಕ್ಕೆ ಹಳ್ಳವಾಗುತ್ತದೆ.

ಬಳಿಕ ಯಾವುದೋ ಒಂದು ವರ್ಷ ಖಾನಾಪುರದ ಕಾಡಿನಲ್ಲಿ ಮಳೆ ಎಡೆಬಿಡದೆ ಸುರಿಯುತ್ತದೆ. ಜಲಾಶಯ ದಿನಗಳಲ್ಲಿ ತುಂಬುತ್ತದೆ. ಬರಗಾಲದ ಭಯದಿಂದ ಹನಿಹನಿಯನ್ನೂ ಹಿಡಿದಿಟ್ಟುಕೊಳ್ಳುವ ರೂಢಿಯಾಗಿರುವುದರಿಂದ ಪ್ರವಾಹದ ನೀರಿಗೆ ಒಳಗೆ ಜಾಗ ಉಳಿದಿರುವುದಿಲ್ಲ. ಗೇಟು ಎತ್ತಲೇಬೇಕಾಗುತ್ತದೆ. ಹೊರಬಿದ್ದ ನೀರು ತನ್ನ ಹಳೆಯ ದಾರಿ ಹುಡುಕುತ್ತದೆ. ಅಲ್ಲಿ ಕಬ್ಬು ನಿಂತಿರುತ್ತದೆ. ಹಿಂದೆ ಎಷ್ಟು ನೀರು ಪಾತ್ರದೊಳಗೇ ಹರಿದು ಹೋಗುತ್ತಿತ್ತೋ ಅಷ್ಟೇ ನೀರು ಈಗ ಊರೊಳಗೆ ನುಗ್ಗುತ್ತದೆ.

2019ರ ಆಗಸ್ಟ್ ತಿಂಗಳಿನಲ್ಲಿ ನಾವೆಲ್ಲ ಕಂಡದ್ದು ಇದನ್ನೇ. ಮುನವಳ್ಳಿಯಲ್ಲಿ, ರಾಮದುರ್ಗದಲ್ಲಿ, ಕೆಳಗಿನ ಅನೇಕ ಹಳ್ಳಿಗಳಲ್ಲಿ ಹೊಳೆ ಬೀದಿಗೆ ಬಂತು. ರಾಮದುರ್ಗದ ನೇಕಾರರ ಮನೆಗಳಲ್ಲಿ ಮಗ್ಗಗಳು ಕೆಸರು ತುಂಬಿ ನಿಂತವು, ನೂಲು ಕೊಳೆಯಿತು. ಕೆಳಗೆ ಪಟ್ಟದಕಲ್ಲಿನ ಸ್ಮಾರಕಗಳ ಆವರಣವೂ ಜಲಾವೃತವಾಯಿತು. ಆಗ ರಾಜ್ಯದ 22 ಜಿಲ್ಲೆಗಳು ಪ್ರವಾಹಪೀಡಿತವೆಂದು ಘೋಷಿತವಾದವು. ನಮ್ಮ ಬೆಳಗಾವಿ ಜಿಲ್ಲೆ ಅತಿ ಹೆಚ್ಚು ಪೆಟ್ಟು ತಿಂದವುಗಳಲ್ಲಿ ಒಂದು. ಮಲಪ್ರಭೆಯ ಪಾತ್ರ ಒತ್ತುವರಿಯಾಗಿದೆ ಎಂಬುದನ್ನು ಅಂದು ಅಧಿಕಾರದಲ್ಲಿದ್ದವರೂ ಒಪ್ಪಿಕೊಂಡರು, ತೆರವು ಮಾಡುವ ಮಾತೂ ಕೇಳಿಬಂತು. ಮಾತು ಕೇಳಿದ್ದೇವೆ. ಹೊಳೆ ತನ್ನ ಅಗಲವನ್ನು ಮರಳಿ ಪಡೆದುದನ್ನು ಮಾತ್ರ ಕಂಡಿಲ್ಲ.

ಮಳೆ ಸುರಿಸುವವನು ಅಲ್ಲಾಹನು. ಆದರೆ ಹೊಳೆಯೊಳಗೆ ಒಡ್ಡು ಹಾಕಿದವನು ಮನುಷ್ಯ. ಒಡ್ಡು ಕಂಡೂ ಕಾಣದಂತೆ ಹೋದವನು ಮನುಷ್ಯ. ತಗ್ಗಿನಲ್ಲಿ ನಿವೇಶನ ಮಾಡಿ ಬಡವನಿಗೆ ಮಾರಿದವನೂ ಮನುಷ್ಯನೇ. ಈ ಮೂವರ ಲೆಕ್ಕವನ್ನು ಅಲ್ಲಾಹನ ಹೆಸರಿಗೆ ಬರೆಯುವುದು ಅವನ ಮೇಲೆ ಹೊರಿಸುವ ಸುಳ್ಳು ಅಪವಾದವಾಗುತ್ತದೆ.

‘ಸತ್ತ ನೆಲ’ ಎಂಬ ವಾದ

ಇಲ್ಲಿ ಕೆಲವರು ಫಿಕ್ಹ್‌ನ ಬಾಗಿಲು ತಟ್ಟುತ್ತಾರೆ. ಪಾಳು ಬಿದ್ದ ಸತ್ತ ನೆಲಕ್ಕೆ ಜೀವ ಕೊಟ್ಟವನಿಗೇ ಅದು ಸೇರುತ್ತದೆ ಎಂಬ ಹದೀಸ್ ಇದೆಯಲ್ಲವೇ, ಒಣಗಿದ ಹೊಳೆಯನ್ನು ಉತ್ತಿ ಹಸಿರು ಮಾಡಿದರೆ ತಪ್ಪೇನು ಎಂದು ಕೇಳುತ್ತಾರೆ.

ಹದೀಸ್ ಇದೆ, ನಿಜ. ಆದರೆ ಅದು ಯಾರ ಹಕ್ಕೂ ಇಲ್ಲದ, ಯಾರ ಉಪಯೋಗಕ್ಕೂ ಬಾರದ ನೆಲದ ವಿಷಯ. ಬಾವಿಗೂ ಕಾಲುವೆಗೂ ಹೊಳೆಗೂ ಅದರದರ ‘ಹರೀಮ್’ ಉಂಟು, ಅಂದರೆ ಅದು ತನ್ನ ಕೆಲಸ ಮಾಡಲು ಬೇಕಾದ ಸುತ್ತಲಿನ ರಕ್ಷಿತ ಜಾಗ. ಅದನ್ನು ಯಾರೂ ತನ್ನದಾಗಿಸಿಕೊಳ್ಳುವಂತಿಲ್ಲ ಎಂದು ನಮ್ಮ ಫುಕಹಾಗಳು ಶತಮಾನಗಳ ಹಿಂದೆಯೇ ಬರೆದಿಟ್ಟಿದ್ದಾರೆ. ಮದ್ರಸಾದ ಮಕ್ಕಳು ಇಂದಿಗೂ ಈ ಅಧ್ಯಾಯ ಓದುತ್ತಾರೆ. ನೀರು, ಹುಲ್ಲುಗಾವಲು, ಬೆಂಕಿ ಈ ಮೂರರಲ್ಲಿ ಜನರೆಲ್ಲರೂ ಪಾಲುದಾರರು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಬತ್ತಿದ ಹೊಳೆ ಸತ್ತ ನೆಲವಲ್ಲ, ಮಲಗಿರುವ ಹೊಳೆ. ಅದು ಎದ್ದಾಗ ತನ್ನ ಹಾಸಿಗೆಯನ್ನು ಕೇಳುತ್ತದೆ.

ಅಕ್ರಮವಾಗಿ ಒಂದು ಗೇಣು ನೆಲ ಕಸಿದವನ ಕೊರಳಿಗೆ ಪುನರುತ್ಥಾನ ದಿನದಂದು ಏಳು ಭೂಮಿಗಳು ಸುತ್ತಿಕೊಳ್ಳುವುವೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಬುಖಾರಿ, ಮುಸ್ಲಿಮ್ ಎರಡೂ ಗ್ರಂಥಗಳಲ್ಲಿ ಈ ಹದೀಸ್ ಇದೆ. ಒಬ್ಬ ನೆರೆಯವನ ಗೇಣು ನೆಲಕ್ಕೆ ಈ ಶಿಕ್ಷೆಯಾದರೆ, ಒಂದು ಹೊಳೆಯ ನೆಲ ಕಸಿದು, ಕೆಳಗಿನ ಹತ್ತು ಊರುಗಳ ಗೋಡೆ ಕೆಡವಿದವನ ಕೊರಳಿನಲ್ಲಿ ಏನಿರಬೇಡ? ಹಜ್ ಮಾಡಿ ಬಂದರೂ, ಮಸೀದಿಗೆ ಫ್ಯಾನ್ ಕೊಡಿಸಿದರೂ ಆ ಒಡ್ಡು ಅಲ್ಲಿರುವವರೆಗೆ ಆ ಪಾಪ ಹರಿಯುತ್ತಲೇ ಇರುತ್ತದೆ. ಒತ್ತುವರಿ ಮಾಡಿದವರಲ್ಲಿ ಎಲ್ಲ ಜಾತಿಯವರೂ ಎಲ್ಲ ಧರ್ಮದವರೂ ಇದ್ದಾರೆ. ನಮ್ಮವನು ಎಂಬ ಕಾರಣಕ್ಕೆ ಯಾರಿಗೂ ರಿಯಾಯಿತಿ ಇಲ್ಲ, ಬೇರೆಯವನು ಎಂಬ ಕಾರಣಕ್ಕೆ ಯಾರ ಮೇಲೂ ಹೆಚ್ಚಿನ ದೋಷ ಇಲ್ಲ.

ಅವನೂ ಬಡ ರೈತನಲ್ಲವೇ ಎಂದು ಕೇಳುವವರಿದ್ದಾರೆ. ಇರಬಹುದು. ಅರ್ಧ ಎಕರೆಯವನು ಹೊಟ್ಟೆಪಾಡಿಗೆ ನಾಲ್ಕು ಸಾಲು ಹಾಕಿದ್ದರೆ ಅವನಿಗೆ ಬೇರೆ ದಾರಿ ತೋರಿಸುವುದು ಸರ್ಕಾರದ ಮತ್ತು ಸಮಾಜದ ಹೊಣೆ. ಆದರೆ ಹೊಳೆಯೊಳಗೆ ಎಕರೆಗಟ್ಟಲೆ ಕಬ್ಬು ಬೆಳೆಯುವವನನ್ನು ಬಡವನ ನೆರಳಿನಲ್ಲಿ ಬಚ್ಚಿಡಬಾರದು.

ಅಝಾಬ್ ಎನ್ನುವವರಿಗೆ

ಈಗ ಎರಡನೆಯ ಮಾತಿಗೆ ಬರೋಣ. ಪ್ರವಾಹ ಅಝಾಬ್ ಎಂದು ಹೇಳುವವರು ಕುರ್‌ಆನಿನಿಂದಲೇ ಆಧಾರ ತರುತ್ತಾರೆ. ನೆಲದಲ್ಲೂ ಜಲದಲ್ಲೂ ತಲೆದೋರುವ ಕೇಡು ಮನುಷ್ಯರ ಕೈಗಳ ಗಳಿಕೆ ಎಂಬ ಅರ್ಥವುಳ್ಳ ವಚನ ಸೂರಾ ಅರ್ರೂಮ್‌ನಲ್ಲಿದೆ. ಅದು 41ನೆಯ ವಚನ. ಈ ವಚನವನ್ನೇ ಹಿಡಿದು, ಕೆಳಗಿನ ಓಣಿಯವರ ಕೈಗಳು ಏನು ಮಾಡಿದ್ದವೋ ಎಂದು ಅವರು ತೀರ್ಪು ಕೊಡುತ್ತಾರೆ.

ನಾವು ಅದೇ ವಚನವನ್ನು ಅವರ ಮುಂದಿಡುತ್ತೇವೆ. ಕೈಗಳ ಗಳಿಕೆ ಎಂದರೆ ಏನು? ಹೊಳೆಗೆ ಮಣ್ಣು ತುಂಬಿದ್ದು ಕೈಯಲ್ಲವೇ? ಉಸುಕು ಬಗೆದು ಸಾಗಿಸಿದ್ದು ಕೈಯಲ್ಲವೇ? ಕಡತದ ಮೇಲೆ ಸಹಿ ಹಾಕಿದ್ದು ಕೈಯಲ್ಲವೇ? ಇಷ್ಟು ಕೈಗಳು ಹಗಲು ಬೆಳಕಿನಲ್ಲಿ ಕಾಣುತ್ತಿರುವಾಗ, ಬೀಡಿ ಕಟ್ಟಿ ಮಕ್ಕಳನ್ನು ಸಾಕುವ ವಿಧವೆಯ ಕೈಯಲ್ಲಿ ಪಾಪ ಹುಡುಕುವ ಧೈರ್ಯ ಎಲ್ಲಿಂದ ಬಂತು? ಗಳಿಸಿದ ಕೈಯೊಂದು, ನೀರು ಹೊಕ್ಕ ಮನೆ ಇನ್ನೊಂದು ಆಗಿರುವ ಸಾಧ್ಯತೆಯನ್ನು ಕುರ್‌ಆನೇ ಹೇಳಿದೆ. ಅಕ್ರಮಿಗಳನ್ನಷ್ಟೇ ಅಲ್ಲದೆ ಉಳಿದವರನ್ನೂ ಬಡಿಯುವ ಆಪತ್ತಿಗೆ ಅಂಜಿರೆಂದು ಸೂರಾ ಅಲ್ ಅನ್‌ಫಾಲ್‌ನ 25ನೆಯ ವಚನ ಎಚ್ಚರಿಸುತ್ತದೆ.

ಇನ್ನೊಂದು ಮಾತು. ಹುತಾತ್ಮರು ಐವರು ಎಂದು ಪ್ರವಾದಿ(ಸ) ಎಣಿಸಿದ ಪ್ರಸಿದ್ಧ ಹದೀಸಿನಲ್ಲಿ, ನೀರಿನಲ್ಲಿ ಮುಳುಗಿ ಸತ್ತವನೂ ಇದ್ದಾನೆ, ಗೋಡೆ ಕುಸಿದು ಅದರಡಿ ಸತ್ತವನೂ ಇದ್ದಾನೆ. ನಮ್ಮ ಎರೆಸೀಮೆಯ ಮಣ್ಣಿನ ಮನೆಗಳಲ್ಲಿ ಮಳೆಗಾಲದ ಸಾವುಗಳು ಬಹುಪಾಲು ಈ ಎರಡೇ ಬಗೆಯವು. ಪ್ರವಾದಿ(ಸ) ಯಾರನ್ನು ಶಹೀದರ ಸಾಲಿನಲ್ಲಿ ಕೂರಿಸಿದರೋ ಅವರನ್ನು ಅಝಾಬಿಗೆ ಗುರಿಯಾದವರು ಎಂದು ಮಿಂಬರಿನ ಮೇಲೆ ನಿಂತು ಸಾರುವವರು ಒಮ್ಮೆ ತಮ್ಮ ನಾಲಗೆಯನ್ನು ಹಿಡಿದುಕೊಳ್ಳಲಿ. ನೂಹ್(ಅ)ರ ಜನಾಂಗದ ಮೇಲೆ ಬಂದದ್ದು ಅಝಾಬ್ ಎಂದು ನಮಗೆ ಗೊತ್ತಿರುವುದು ವಹೀ ತಿಳಿಸಿದ್ದರಿಂದ. ರಾಮದುರ್ಗದ ಓಣಿಯ ಬಗ್ಗೆ ಇವರಿಗೆ ವಹೀ ಬಂದಿಲ್ಲ.

ನೀರು ಇಳಿದ ಮೇಲಿನ ಮುಳುಗಡೆ

ಪ್ರವಾಹದ ನೀರು ಹೆಚ್ಚೆಂದರೆ ಹದಿನೈದು ದಿನ ನಿಲ್ಲುತ್ತದೆ. ಅದು ಬಿಟ್ಟುಹೋಗುವ ಕೇಡು ತಲೆಮಾರಿನವರೆಗೆ ನಿಲ್ಲುತ್ತದೆ. ಇದನ್ನು ಯಾವ ಪಂಚನಾಮೆಯಲ್ಲೂ ಬರೆಯುವುದಿಲ್ಲ. ಆದ್ದರಿಂದ ನಾವು ಇಲ್ಲಿ ಬರೆಯುತ್ತೇವೆ.

ಮೊದಲನೆಯದು ಊರು ಒಡೆಯುವುದು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದಲ್ಲಿ ಬಂದ ನೆರೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸರ್ಕಾರವು ದಾನಿಗಳ ನೆರವು ಪಡೆದು ‘ಆಸರೆ’ ಎಂಬ ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಮನೆ ಕಟ್ಟಿಸಿತು. ಉದ್ದೇಶ ಒಳ್ಳೆಯದೇ. ಆದರೆ ಅನೇಕ ಕಡೆ ಆ ಮನೆಗಳಿಗೆ ಇಂದಿಗೂ ಬೀಗ ಬಿದ್ದಿದೆ, ಕೆಲವು ಪಾಳುಬಿದ್ದಿವೆ. ಎಮ್ಮೆ ಕಟ್ಟಲು ಜಾಗವಿಲ್ಲದ, ಕಾಳು ಚೀಲ ಇಡಲು ಮೂಲೆಯಿಲ್ಲದ, ಹೊಲಕ್ಕೆ ಹೋಗಲು ಮೈಲಿಗಟ್ಟಲೆ ನಡೆಯಬೇಕಾದ ಮನೆಯಲ್ಲಿ ಒಕ್ಕಲಿನವನು ಬಾಳುವುದು ಹೇಗೆ? ಹೀಗಾಗಿ ಮಗ ಮೇಲೆ, ಮುದುಕ ತಂದೆ ಕೆಳಗೆ. ಮನೆ ಮಡ್ಡಿಯಲ್ಲಿ, ಮಸೀದಿ ಹೊಳೆದಂಡೆಯಲ್ಲಿ, ಅಜ್ಜ ಮುತ್ತಜ್ಜರ ಖಬರಸ್ತಾನ ಅದಕ್ಕೂ ಕೆಳಗೆ. ಮಗ್ರಿಬಿಗೆ ಒಂದು ಸಫ್ ತುಂಬುತ್ತಿದ್ದ ಮಸೀದಿಯಲ್ಲಿ ನಾಲ್ವರು ನಿಲ್ಲುತ್ತಾರೆ. ಅಕ್ಕಪಕ್ಕದಲ್ಲಿ ಬೆಳೆದ ಲಿಂಗಾಯತರ, ಕುರುಬರ, ಮುಸ್ಲಿಮರ ಮನೆಗಳು ಹೊಸ ನಿವೇಶನಗಳಲ್ಲಿ ಬೇರೆ ಬೇರೆ ಸಾಲುಗಳಿಗೆ ಹೋದವೆಂದರೆ, ಕಷ್ಟಕಾಲದಲ್ಲಿ ಗೋಡೆಯಾಚೆಯಿಂದ ಕೂಗಿ ಕೇಳುತ್ತಿದ್ದ ಆ ದನಿಯೇ ಇಲ್ಲವಾಗುತ್ತದೆ. ಬಾಗಲಕೋಟೆಯವರನ್ನು ಕೇಳಿರಿ. ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಊರಿನ ದೊಡ್ಡ ಭಾಗವನ್ನು ಬಿಟ್ಟು ನವನಗರಕ್ಕೆ ಬಂದವರು ಇಂದಿಗೂ ‘ಮುಳುಗಡೆ’ ಎಂಬ ಶಬ್ದವನ್ನು ಸಾವಿನ ಸುದ್ದಿಯಂತೆ ಉಚ್ಚರಿಸುತ್ತಾರೆ.

ಎರಡನೆಯದು ನಂಬಿಕೆ ಒಡೆಯುವುದು. 2019ರಲ್ಲಿ ತುರ್ತು ಪರಿಹಾರವೆಂದು 10 ಸಾವಿರ ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರ್ಕಾರ ಘೋಷಿಸಿತು. ಹಾನಿಗೊಂಡ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಆ ಮೂರು ಅಕ್ಷರಗಳು ನೀರಿಗಿಂತ ಹೆಚ್ಚು ಮನೆಗಳನ್ನು ಒಡೆದವು. ಬಿರುಕೂ ಬಿಡದ ಮನೆ ‘ಎ’ ಆಯಿತು, ನೆಲಸಮವಾದ ಮನೆ ‘ಸಿ’ ಆಯಿತು ಎಂಬ ದೂರುಗಳು ಹಲವು ಜಿಲ್ಲೆಗಳಿಂದ ಕೇಳಿಬಂದವು. ಉತಾರದಲ್ಲಿ ಹೆಸರಿಲ್ಲದ ವಿಧವೆ, ಅಣ್ಣತಮ್ಮಂದಿರ ಕೂಡುಮನೆಯಲ್ಲಿ ಒಂದು ಕೋಣೆಯಲ್ಲಿದ್ದವನು, ಬಾಡಿಗೆ ಮನೆಯಲ್ಲಿ ಮಗ್ಗ ಹೂಡಿದ್ದ ನೇಕಾರ, ಇಂಥವರು ಯಾವ ಅಕ್ಷರಕ್ಕೂ ಸಿಕ್ಕಲಿಲ್ಲ. ಮನೆಯ ಒಡೆಯನಿಗೆ ಗೋಡೆಯ ದುಡ್ಡು ಬಂತು. ಗೋಡೆಯೊಳಗಿನ ಬದುಕು ಕಳೆದುಕೊಂಡವನಿಗೆ ಒಂದು ಚೀಲ ಅಕ್ಕಿ ಬಂತು.

ನೀರು ಏರಿದ ದಿನ ಮಠದಲ್ಲಿಯೂ ಮಸೀದಿಯಲ್ಲಿಯೂ ಶಾಲೆಯಲ್ಲಿಯೂ ಯಾರೂ ಯಾರ ಜಾತಿಯನ್ನೂ ಕೇಳಲಿಲ್ಲ. ಒಂದೇ ಒಲೆಯ ಅನ್ನ ಉಂಡರು. ಪಟ್ಟಿ ಬಂದ ದಿನ ಅದೇ ಜನ ‘ಅವರಿಗೆ ಎಷ್ಟು, ಇವರಿಗೆ ಎಷ್ಟು’ ಎಂದು ಎಣಿಸತೊಡಗಿದರು. ನೆರೆ ಕೂಡಿಸಿದ್ದನ್ನು ಪರಿಹಾರದ ಪಟ್ಟಿ ಅಗಲಿಸಿತು. ಬೆಂಕಿ ಹಚ್ಚಲು ಕಾದಿರುವವರಿಗೆ ಇದಕ್ಕಿಂತ ಒಳ್ಳೆಯ ಒಣಹುಲ್ಲು ಬೇರೆ ಬೇಕೇ?

ಮೂರನೆಯದು ಮಕ್ಕಳ ಮೇಲೆ ಬೀಳುವ ಹೊರೆ. ಮಗ್ಗ ಹೋದವನು ಸಾಲ ಮಾಡುತ್ತಾನೆ. ವಾರದ ಕಂತಿನ ಸಾಲ ತೀರಿಸಲು ಇನ್ನೊಂದು ಸಾಲ. ಬಳಿಕ ಗೋವೆಗೋ ಪುಣೆಗೋ ಕೂಲಿಗೆ ಹೋಗುತ್ತಾನೆ. ಹೆಂಡತಿ ಜೊತೆಗೆ ಹೋದರೆ ಮಗನ ಶಾಲೆ ನಿಲ್ಲುತ್ತದೆ. ಹೋಗದಿದ್ದರೆ ಹಿರಿಯ ಮಗಳು ಮನೆಯ ಹೊಣೆ ಹೊತ್ತು ಶಾಲೆ ಬಿಡುತ್ತಾಳೆ. ‘ವಯಸ್ಸಿಗೆ ಬಂದ ಹುಡುಗಿಯನ್ನು ಹರಕು ಗೋಡೆಯ ಮನೆಯಲ್ಲಿ ಹೇಗೆ ಇಟ್ಟುಕೊಳ್ಳುವುದು’ ಎಂದು ಅವಸರದ ನಿಕಾಹ್ ನಡೆಯುತ್ತದೆ. ಸಾಲು ಶುರುವಾದದ್ದು ಹೊಳೆಯೊಳಗಿನ ಒಂದು ಒಡ್ಡಿನಿಂದ. ಅದು ಮುಗಿಯುವುದು ಏಳನೆಯ ತರಗತಿಗೇ ಪುಸ್ತಕ ಕಟ್ಟಿಟ್ಟ ಒಬ್ಬ ಹುಡುಗಿಯಲ್ಲಿ. ಇದನ್ನು ತಕ್ದೀರ್ ಎನ್ನುವವರು ಆ ಹುಡುಗಿಯ ಮುಖ ನೋಡಿ ಹೇಳಲಿ.

ತಪ್ಪು ಹೆಸರಿನ ಬೆಲೆ

ಆಪತ್ತಿಗೆ ತಪ್ಪು ಹೆಸರಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಭಾಷೆಯಾಡುವ ಕಾಸರಗೋಡು ಸಾಕ್ಷಿಯಾಗಿದೆ. ಅಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷವನ್ನು ಸಿಂಪಡಿಸಿದರು. ಎಣ್ಮಕಜೆ, ಪಡ್ರೆಯಂಥ ಊರುಗಳಲ್ಲಿ ಅಂಗವಿಕಲ ಮಕ್ಕಳು ಹುಟ್ಟುತ್ತಿದ್ದಾಗ, ಇದು ದೈವದ ಶಾಪ ಎಂದು ಊರವರೇ ಬಹುಕಾಲ ನಂಬಿದ್ದರು. ಶಾಪವೆಂದು ನಂಬಿದಷ್ಟು ಕಾಲ ಹೆಲಿಕಾಪ್ಟರು ಹಾರುತ್ತಲೇ ಇತ್ತು. ಊರಿನ ವೈದ್ಯ ಡಾ. ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆಯಂಥವರು ಇದು ಶಾಪವಲ್ಲ, ವಿಷ ಎಂದು ಬರೆದ ಮೇಲೆ, ತಾಯಂದಿರು ಬೀದಿಗಿಳಿದ ಮೇಲೆ ಸಿಂಪಡಣೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಕೊಡಲು ಮೂರು ತಿಂಗಳ ಗಡುವಿತ್ತು. ಐದು ವರ್ಷ ಕಳೆದ ಮೇಲೂ ಹಣ ಮುಟ್ಟದ ಸಂತ್ರಸ್ತರು 2022ರಲ್ಲಿ ಮತ್ತೆ ಅದೇ ನ್ಯಾಯಾಲಯದ ಬಾಗಿಲಿಗೆ ಹೋಗಬೇಕಾಯಿತು.

ಭೋಪಾಲದ ಕಥೆ ಇನ್ನೂ ದೀರ್ಘ. 1984ರ ಡಿಸೆಂಬರ್ 2ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಹೊರಬಿದ್ದ ಅನಿಲ ಸಾವಿರಾರು ಜೀವಗಳನ್ನು ನುಂಗಿತು. ಕಾರ್ಖಾನೆಯ ಗೋಡೆಗೆ ಅಂಟಿಕೊಂಡಿದ್ದ ಬಡವರ ಬಸ್ತಿಗಳಿಗೇ ಮೊದಲ ಪೆಟ್ಟು ಬಿತ್ತು, ಅವರಲ್ಲಿ ನಮ್ಮ ಸಮುದಾಯದವರೂ ಬಹಳ ಮಂದಿ ಇದ್ದರು. 1989ರಲ್ಲಿ 47 ಕೋಟಿ ಡಾಲರಿಗೆ ಲೆಕ್ಕ ಚುಕ್ತಾ ಆಯಿತೆಂದರು. 2010ರಲ್ಲಿ ಕಾರ್ಖಾನೆಯ ಅಧಿಕಾರಿಗಳಿಗೆ ಎರಡು ವರ್ಷದ ಶಿಕ್ಷೆಯಾಯಿತು. ಕಾರ್ಖಾನೆಯ ಆವರಣದಲ್ಲಿ ಉಳಿದಿದ್ದ 337 ಟನ್ ವಿಷತ್ಯಾಜ್ಯ ಅಲ್ಲಿಂದ ಹೊರಟದ್ದು 2025ರ ಜನವರಿಯಲ್ಲಿ, ನಲವತ್ತು ವರ್ಷಗಳ ಮೇಲೆ. ಆ ನಲವತ್ತು ವರ್ಷ ಅಲ್ಲಿನ ಹೆಂಗಸರು ಪ್ರತಿ ಡಿಸೆಂಬರಿನಲ್ಲಿ ಬೀದಿಗೆ ಬಂದು ಲೆಕ್ಕ ಕೇಳುತ್ತಲೇ ಇದ್ದಾರೆ. ಹಿಂದೂ ಹೆಂಗಸರೂ ಮುಸ್ಲಿಮ್ ಹೆಂಗಸರೂ ಕೂಡಿಯೇ ಬರುತ್ತಾರೆ. ಅವರು ಅದನ್ನು ನಸೀಬು ಎಂದು ಕರೆದು ಮನೆಯಲ್ಲಿ ಕುಳಿತಿದ್ದರೆ ಆ ವಿಷ ಇಂದಿಗೂ ಅಲ್ಲೇ ಇರುತ್ತಿತ್ತು.

ಕಾಸರಗೋಡಿನ, ಭೋಪಾಲದ ದುಃಖಕ್ಕೆ ನಮ್ಮ ಹೊಳೆಯ ದುಃಖವನ್ನು ನಾವು ಸಮಗಟ್ಟುತ್ತಿಲ್ಲ. ಆದರೆ ಪಾಠ ಒಂದೇ. ಆಪತ್ತಿಗೆ ಸರಿಯಾದ ಹೆಸರು ಸಿಕ್ಕ ದಿನವೇ ಅದರ ಅಂತ್ಯ ಶುರುವಾಗುತ್ತದೆ.

ಜಮಾಅತ್‌ಗಳ ಮುಂದಿರುವ ಕೆಲಸ

ಪ್ರವಾದಿ(ಸ) ಹೇಳಿದ ಹಡಗಿನ ದೃಷ್ಟಾಂತ ಎಲ್ಲರಿಗೂ ಗೊತ್ತು. ಕೆಳಗಿನ ಅಂತಸ್ತಿನವರು ನೀರಿಗಾಗಿ ಮೇಲೆ ಹೋಗುವ ತೊಂದರೆ ಬೇಡವೆಂದು ತಮ್ಮ ಪಾಲಿನ ತಳದಲ್ಲಿ ತೂತು ಕೊರೆಯಲು ಹೊರಡುತ್ತಾರೆ. ಮೇಲಿನವರು ಅವರ ಕೈ ಹಿಡಿದರೆ ಎಲ್ಲರೂ ಬದುಕುತ್ತಾರೆ, ಬಿಟ್ಟರೆ ಎಲ್ಲರೂ ಮುಳುಗುತ್ತಾರೆ. ಈ ಹದೀಸನ್ನು ನಮ್ಮಲ್ಲಿ ಸಿನಿಮಾ, ಮೊಬೈಲುಗಳ ವಿರುದ್ಧದ ಪ್ರವಚನಗಳಲ್ಲಿ ಬಳಸುವುದುಂಟು. ಹೊಳೆದಂಡೆಯ ಜನಕ್ಕೆ ಇದನ್ನು ಅಕ್ಷರಶಃ ಓದುವ ಅಗತ್ಯವಿದೆ. ಹೊಳೆಗೆ ಒಡ್ಡು ಹಾಕುವವನು ಹಡಗಿಗೆ ತೂತು ಕೊರೆಯುವವನು. ಅವನ ಕೈ ಹಿಡಿಯುವುದು ಪ್ರತಿಯೊಬ್ಬನ ಹೊಣೆ.

ಆದ್ದರಿಂದ ಮುರಗೋಡ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಜಮಾಅತ್‌ಗಳ ಮುಂದೆ ಕೆಲವು ಮಾತುಗಳನ್ನು ಇಡುತ್ತೇವೆ.

ಮುಂಗಾರಿಗೆ ಮುಂಚೆ ಒಂದು ಜುಮಾ ಖುತ್ಬಾವಾದರೂ ಹೊಳೆಯ ಹಕ್ಕಿನ ಬಗ್ಗೆ ನಡೆಯಲಿ. ಹೊಳೆಯ ನೆಲ ಹಿಡಿದವನು ನಮ್ಮ ಸಫ್‌ನಲ್ಲಿದ್ದರೆ ಹಿರಿಯರು ಅವನ ಮನೆಗೆ ಹೋಗಿ, ಪ್ರೀತಿಯಿಂದಲೂ ನಿಷ್ಠುರವಾಗಿಯೂ, ಬಿಟ್ಟುಕೊಡು ಎಂದು ಹೇಳಲಿ. ನಮ್ಮವರು ಮೊದಲು ಬಿಟ್ಟುಕೊಟ್ಟರೆ ಉಳಿದವರನ್ನು ಕೇಳುವ ಬಾಯಿ ನಮಗೆ ಬರುತ್ತದೆ. ಬಳಿಕ ಊರಿನ ಎಲ್ಲ ಸಮಾಜಗಳವರೊಡನೆ ಕೂಡಿ, ಹೊಳೆಯ ಅಳತೆಯಾಗಲಿ, ಗಡಿಕಲ್ಲು ನೆಡಲಿ, ಗೇಟು ಎತ್ತುವ ಮುನ್ನ ಸಾಕಷ್ಟು ಮುಂಚೆ ಕೆಳಗಿನ ಊರುಗಳಿಗೆ ತಿಳಿಸಲಿ, ಮಳೆಗಾಲದಲ್ಲಿ ಪ್ರವಾಹಕ್ಕೆ ಜಲಾಶಯದಲ್ಲಿ ಜಾಗ ಉಳಿಸಲಿ ಎಂದು ತಾಲೂಕು ಕಚೇರಿಯಲ್ಲಿ ಲಿಖಿತವಾಗಿ ಕೇಳಬೇಕು. ಇದು ರಾಜಕೀಯವಲ್ಲವೇ ಎಂದು ಹೆದರುವವರಿಗೆ ನಮ್ಮ ಉತ್ತರ: ನೆರೆಯವನ ಗೋಡೆ ಉಳಿಸುವುದು ಇಬಾದತ್.

ಪ್ರತಿ ಜಮಾಅತ್ ಒಂದು ದಫ್ತರ್ ಇಡಲಿ. ತಗ್ಗಿನ ಓಣಿಯಲ್ಲಿ ಯಾರ ಯಾರ ಮನೆ ಇದೆ, ಬಾಡಿಗೆಗೆ ಯಾರಿದ್ದಾರೆ, ನಡೆಯಲಾರದ ಮುದುಕರು ಎಷ್ಟು, ಯಾವ ವಿಧವೆಯ ಹೆಸರು ಉತಾರದಲ್ಲಿಲ್ಲ ಎಂಬುದೆಲ್ಲ ಅದರಲ್ಲಿರಲಿ. ಕಾಗದ ಇಲ್ಲದವರಿಗೆ ಈಗಲೇ ಕಾಗದ ಮಾಡಿಸಿಕೊಡಲು ಓದಿದ ಹುಡುಗರು ಮುಂದೆ ಬರಲಿ. ನೆರೆ ಬಂದ ಮೇಲೆ ಬಿಸ್ಕಿಟ್ ಹಂಚಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ನೆರೆಗೆ ಮುಂಚೆ ಒಂದು ಅರ್ಜಿ ಬರೆದುಕೊಡುವುದು ದೊಡ್ಡ ಸದಕಾ.

ಪರಿಹಾರದ ಪಟ್ಟಿಯಲ್ಲಿ ಸುಳ್ಳು ಹೇಳುವುದು ಹರಾಮ್ ಎಂದು ಮಿಂಬರಿನಿಂದ ಬಿಡಿಸಿ ಹೇಳಲಿ. ನಿಂತ ಮನೆಗೆ 5 ಲಕ್ಷ ಪಡೆದವನು ಸರ್ಕಾರವನ್ನು ವಂಚಿಸಿದೆ ಎಂದುಕೊಳ್ಳುತ್ತಾನೆ. ಅವನು ವಂಚಿಸಿದ್ದು ಗೋಡೆಯಡಿ ಮಗುವನ್ನು ಕಳೆದುಕೊಂಡ ನೆರೆಯವಳನ್ನು.

ಝಕಾತಿನ ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವರನ್ನು ಕುರ್‌ಆನ್ ಪ್ರತ್ಯೇಕವಾಗಿ ಹೆಸರಿಸಿದೆ. ನೆರೆಯಿಂದ ಸಾಲಗಾರನಾದ ನೇಕಾರ, ಕೂಲಿಕಾರ ಆ ಪಾಲಿಗೆ ಸೇರಿದವನು. ರಮಝಾನಿನಲ್ಲಿ ಹತ್ತು ಜನಕ್ಕೆ ನೂರು ನೂರು ರೂಪಾಯಿ ಹಂಚುವ ಬದಲು ಊರಿನ ಝಕಾತ್ ಒಟ್ಟುಗೂಡಿ ಒಂದು ಮಗ್ಗವನ್ನು ಮತ್ತೆ ಹೂಡಿಸಲಿ, ಒಬ್ಬ ಹುಡುಗಿಯನ್ನು ಮತ್ತೆ ಶಾಲೆಗೆ ಕಳಿಸಲಿ.

ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡು ಎಂದು ಕಲಿಸಿದ ಪ್ರವಾದಿ(ಸ)ಯ ಅನುಯಾಯಿಗಳು ನಾವು. ಹೊಳೆಗೆ ಅದರ ದಾರಿ ಬಿಟ್ಟುಕೊಟ್ಟು, ತಗ್ಗಿನ ಮನೆಗಳನ್ನು ಎಚ್ಚರಿಸಿ, ಪಟ್ಟಿಯಲ್ಲಿ ನ್ಯಾಯ ಪಾಲಿಸಿ, ಅದಾದ ಮೇಲೂ ನೀರು ಬಂದರೆ ಆಗ ತಕ್ದೀರ್ ಎಂದು ಹೇಳುವ ಅಧಿಕಾರ ನಮಗಿದೆ. ಆಗ ಆ ಮಾತಿಗೆ ಸಬ್ರಿನ ಪುಣ್ಯವೂ ಇದೆ. ಅದಕ್ಕೆ ಮುಂಚೆ ಆ ಮಾತನ್ನು ಆಡುವುದು ಕೇವಲ ನೆಪ.

ಅಲ್ಲಾಹನು ಮಲಪ್ರಭೆಯನ್ನು ನಮಗೆ ರಹಮತ್ತಾಗಿಯೇ ಉಳಿಸಲಿ. ಮುಳುಗಿ ಸತ್ತವರನ್ನೂ ಗೋಡೆಯಡಿ ಸತ್ತವರನ್ನೂ ಶಹೀದರ ಸಾಲಿನಲ್ಲಿ ಸೇರಿಸಲಿ. ಇನ್ನೊಬ್ಬರ ಗೋಡೆ ಕೆಡವಿ ತಿನ್ನುವ ಅನ್ನದಿಂದ ನಮ್ಮ ಮಕ್ಕಳನ್ನು ಕಾಪಾಡಲಿ. ಆಮೀನ್.